ಇ46 330ಐ: ಶಾರ್ಟ್ ಶಿಫ್ಟರ್ ಕೈಯಲ್ಲಿದೆ, ಲಿವರ್ ಮೊದಲೋ ಬುಷ್ ಮೊದಲೋ?

ಮಿಶಿಗನ್_ಮ್ಯಾನುಯಲ್

ಎಲ್ಲರಿಗೂ ನಮಸ್ಕಾರ. ಗಾಡಿ 2002ರ ಬಿಎಂಡಬ್ಲ್ಯೂ 330ಐ ಸೆಡಾನ್ (ಆ ಪೀಳಿಗೆಯ 3 ಸೀರೀಸ್‌ಗೆ ಕಂಪನಿ ಇಟ್ಟ ಸಂಕೇತ ಇ46), ಜೆಡ್‌ಎಫ್‌ನ 5 ಗೇರ್ ಮ್ಯಾನುಯಲ್ ಬಾಕ್ಸ್. ಓಡಿರೋದು 1,38,000 ಮೈಲಿ. ಗೇರ್ ಲಿವರ್ ಕಡೆಯ ಒಂದು ಭಾಗವೂ ಇದುವರೆಗೆ ಬದಲಾಗಿಲ್ಲ.

ಈಗಿನ ಸ್ಥಿತಿ: 3ನೇ ಗೇರ್‌ನಲ್ಲಿ ಇದ್ದಾಗಲೂ ನಾಬ್ ಹಿಡಿದು ಎಡಬಲ ಅಲ್ಲಾಡಿಸಿದರೆ ಎರಡು ಬೆರಳಗಲ ಆಡುತ್ತೆ, ಅಂಬಲಿಯಲ್ಲಿ ಸೌಟು ಆಡಿಸಿದ ಹಾಗೆ. ಜೋರಾಗಿ ಎಳೆಯುವಾಗ 2ರಿಂದ 3ಕ್ಕೆ ಹೋಗಬೇಕಾದ ಲಿವರ್ ಒಂದೊಂದು ಸಲ 5ರ ಕಡೆ ಜಾರುತ್ತೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಲಿವರ್ ತಾನಾಗಿ ಹಿಂದೆ ಮುಂದೆ ಆಗುತ್ತೆ. ಗೇರ್ ಕಿರುಗುಟ್ಟುವ ಸದ್ದಿಲ್ಲ. ಚಳಿಗಾಲದಲ್ಲಿ ಮೊದಲ ಐದು ನಿಮಿಷ 2ನೇ ಗೇರ್ ಬಿಗಿ, ಆಮೇಲೆ ಸರಿ.

ಶಾರ್ಟ್ ಶಿಫ್ಟರ್, ಅಂದ್ರೆ ಗೇರ್ ಹಾಕುವಾಗ ನಾಬ್ ಸರಿಯುವ ದೂರ ಕಡಿಮೆ ಮಾಡುವ ಲಿವರ್, ತಂದಾಗಿದೆ. ಕೇಳಬೇಕಾದ್ದು ಇಷ್ಟು: ಲಿವರ್ ಒಂದನ್ನೇ ಹಾಕಿದರೆ ಈ ಸಡಿಲ ಹೋಗುತ್ತಾ? ಬುಷ್‌ಗಳಲ್ಲಿ (ಕೀಲುಗಳ ನಡುವಿನ ಮೆತ್ತೆ) ಯಾವ್ಯಾವುದು ಬೇಕು, ರಬ್ಬರೋ ಪಾಲಿಯುರೆಥೇನೋ? ಸೈಲೆನ್ಸರ್ ಪೈಪ್ ಇಳಿಸದೆ ಮೇಲಿನಿಂದಲೇ ಮಾಡಬಹುದಾ? ಗೇರ್‌ಬಾಕ್ಸ್ ಇಳಿಸಲೇಬೇಕಾ?

———

ನಟ್ಟುಬೋಲ್ಟು

ಲಿವರ್ ಒಂದನ್ನೇ ಹಾಕಿದರೆ ಸಡಿಲ ಹೋಗಲ್ಲ. ಸ್ವಲ್ಪ ಕಡಿಮೆ ಆದಂತೆ ಕಾಣುತ್ತೆ, ಅಷ್ಟೇ. ಲೆಕ್ಕ ಹಾಕಿ ನೋಡಿ.

ಲಿವರ್ ಅಂದ್ರೆ ಒಂದು ಸನ್ನೆಗೋಲು. ನಡುವೆ ಒಂದು ಗುಂಡು, ಅದೇ ತಿರುಗುವ ಬಿಂದು. ಗುಂಡಿನಿಂದ ನಾಬ್‌ವರೆಗೆ ಒಂದು ಉದ್ದ, ಗುಂಡಿನಿಂದ ಕೆಳಗಿನ ಪಿನ್‌ವರೆಗೆ ಇನ್ನೊಂದು. ಲೆಕ್ಕ ಸುಲಭ ಆಗಲಿ ಅಂತ ಮೇಲೆ 240 ಎಂಎಂ, ಕೆಳಗೆ 60 ಎಂಎಂ ಅಂತಿಟ್ಟುಕೊಳ್ಳಿ. ಒಂದಕ್ಕೆ ನಾಲ್ಕು. ಬಾಕ್ಸ್ ಒಳಗೆ ಗೇರ್ ಬೀಳಬೇಕಾದರೆ ಕೆಳಗಿನ ರಾಡ್ (ಲಿವರ್‌ನಿಂದ ಬಾಕ್ಸ್‌ಗೆ ಹೋಗುವ ಸಲಾಕೆ) 15 ಎಂಎಂ ಸರಿಯಬೇಕು ಅಂತಾದರೆ ನಾಬ್ 60 ಎಂಎಂ ಸರಿಯಬೇಕು. ಆ 15ನ್ನು ಬದಲಿಸೋಕೆ ಆಗಲ್ಲ, ಅದು ಬಾಕ್ಸ್ ಒಳಗೆ ಗೇರ್ ಸರಿಸುವ ಫೋರ್ಕ್‌ನ ವಿಷಯ. ಶಾರ್ಟ್ ಶಿಫ್ಟರ್ ಮಾಡೋದು ಕೆಳಗಿನ ಉದ್ದ ಹೆಚ್ಚಿಸೋದು. 60 ಇದ್ದದ್ದು 72 ಆದರೆ ನಾಬ್ 50 ಎಂಎಂ ಸರಿದರೆ ಸಾಕು. ಕೈಗೆ ಬೇಕಾದ ಬಲ ಮಾತ್ರ 20% ಜಾಸ್ತಿ. ಯಾವ ಕಂಪನಿಯ ಕಿಟ್ ಆದರೂ ಈ ಕೊಡು-ಕೊಳ್ಳು ತಪ್ಪಿದ್ದಲ್ಲ.

ಈಗ ಸಡಿಲದ ವಿಷಯ. ರಾಡ್‌ನ ಎರಡು ತುದಿಯ ವಾಷರ್, ಮುಂದಿನ ಜಾಯಿಂಟ್ ಎಲ್ಲ ಸವೆದು ಒಟ್ಟು 1 ಎಂಎಂ ಪ್ಲೇ ಇದೆ ಅನ್ನಿ. ಹಳೇ ಲಿವರ್‌ನಲ್ಲಿ ನಾಬ್ ಹತ್ತಿರ ಅದು 4 ಎಂಎಂ, ಹೊಸದರಲ್ಲಿ 3.3 ಎಂಎಂ. ಕಡಿಮೆ ಆಯ್ತಲ್ಲ ಅನ್ನಿಸುತ್ತೆ. ಆದರೆ ಗೇರ್‌ನಿಂದ ಗೇರ್‌ಗಿರುವ ದೂರವೂ ಅಷ್ಟೇ ಕಡಿಮೆ ಆಗಿದೆ. ಹದಿನೈದರಲ್ಲಿ ಒಂದು ಪಾಲು ಸಡಿಲ ಇದ್ದದ್ದು ಹದಿನೈದರಲ್ಲಿ ಒಂದು ಪಾಲಾಗಿಯೇ ಉಳಿಯುತ್ತೆ.

ಇದಕ್ಕಿಂತ ದುಬಾರಿ ಸಡಿಲ ಇನ್ನೊಂದಿದೆ. ಲಿವರ್‌ನ ಗುಂಡು ಕೂತಿರೋ ಅಲ್ಯೂಮಿನಿಯಂ ತೋಳು, ಕ್ಯಾರಿಯರ್ ಅಂತೀವಲ್ಲ, ಅದು ಮುಂದೆ ಗೇರ್‌ಬಾಕ್ಸ್ ತಲೆಗೆ, ಹಿಂದೆ ಬಾಡಿಗೆ ರಬ್ಬರ್ ಮೂಲಕ ಕೂತಿದೆ. ಆ ರಬ್ಬರ್ ಹರಿದು ಗುಂಡೇ 1 ಎಂಎಂ ಸರಿದರೆ ನಾಬ್ ಹತ್ತಿರ 4 ಅಲ್ಲ, 5 ಎಂಎಂ ಸರಿಯುತ್ತೆ. ಹಾಗಾಗಿ ವಾಷರ್ ಮಾತ್ರ ಬದಲಿಸಿ ಕ್ಯಾರಿಯರ್ ಬುಷ್ ಬಿಟ್ಟರೆ ಅರ್ಧ ಕೆಲಸ.

ಎಡಬಲದ ಕಥೆ ಬೇರೆ. ಈ ಗಾಡಿಯಲ್ಲಿ ಪಕ್ಕದ ಚಲನೆ ರಾಡ್ ತಿರುಚಿಕೊಳ್ಳುವುದರಿಂದ ಬಾಕ್ಸ್‌ಗೆ ತಲುಪುತ್ತೆ. ಲಿವರ್ ಎಷ್ಟು ಡಿಗ್ರಿ ವಾಲುತ್ತೋ ರಾಡ್ ಅಷ್ಟು ಡಿಗ್ರಿ ತಿರುಗುತ್ತೆ. ಆದ್ದರಿಂದ ಕೆಳಗಿನ ಉದ್ದ ಹೆಚ್ಚಿಸಿದರೆ ಹಿಂದೆ-ಮುಂದಿನ ದೂರ ಕಡಿಮೆ ಆಗುತ್ತೆ, ಎಡಬಲದ ದೂರ ಹಾಗೇ ಇರುತ್ತೆ. ಅದು ಕಡಿಮೆ ಆಗಬೇಕಾದರೆ ಗುಂಡಿನಿಂದ ನಾಬ್‌ವರೆಗಿನ ಉದ್ದ ಕುಗ್ಗಬೇಕು. ನಿಮ್ಮ ಎರಡು ಬೆರಳಗಲದ ಆಟಕ್ಕೂ, 3ರ ಬದಲು 5ರ ಕಡೆ ಜಾರೋದಕ್ಕೂ ಮೂಲ ಇದೇ ತಿರುಚುವ ದಾರಿಯ ಸವೆತ: ಹಳದಿ ಪ್ಲಾಸ್ಟಿಕ್ ವಾಷರ್‌ಗಳು ಮತ್ತು ಬಾಕ್ಸ್ ಹಿಂದಿನ ಸೆಲೆಕ್ಟರ್ ಜಾಯಿಂಟ್ (ರಾಡ್ ಬಾಕ್ಸ್‌ನ ಶಾಫ್ಟ್‌ಗೆ ಸೇರುವ ಕೀಲು). ಲಿವರ್ ಬದಲಿಸಿದರೆ ಇದು ಒಂದು ಕೂದಲೆಳೆಯೂ ಸರಿಹೋಗಲ್ಲ.

ತರಿಸಬೇಕಾದ್ದು: ರಾಡ್ ತುದಿಯ ಪ್ಲಾಸ್ಟಿಕ್ ವಾಷರ್ 4 (ತುದಿಗೆ ಎರಡರಂತೆ), ಅದರ ಲಾಕ್ ಕ್ಲಿಪ್ 2, ಸೆಲೆಕ್ಟರ್ ಜಾಯಿಂಟ್ 1, ಅದರೊಳಗಿನ ಫೋಮ್ ಉಂಗುರ ಮತ್ತು ಪಿನ್, ಗುಂಡಿನ ನೈಲಾನ್ ಕಪ್ 1, ಕ್ಯಾರಿಯರ್‌ನ ಮುಂದಿನ ಬುಷ್ 2, ಹಿಂದಿನ ಬುಷ್ 1, ಒಳಗಿನ ರಬ್ಬರ್ ಬೂಟ್ 1. ಬಾಕ್ಸ್‌ನಿಂದ ಸೆಲೆಕ್ಟರ್ ಶಾಫ್ಟ್ ಹೊರಬರುವ ಜಾಗದ ಆಯಿಲ್ ಸೀಲ್ ಕೂಡ ತರಿಸಿಡಿ. ಈ ವಯಸ್ಸಿನ ಬಾಕ್ಸ್‌ನಲ್ಲಿ ಅದು ಜಿನುಗದೆ ಇರೋದೇ ಅಪರೂಪ, ಇನ್ನೊಮ್ಮೆ ಅಷ್ಟು ಬಿಚ್ಚೋ ಮನಸ್ಸು ಯಾರಿಗೂ ಇರಲ್ಲ. ಕ್ಲಿಪ್ ಎರಡು ಹೆಚ್ಚಿಗೆ ತನ್ನಿ, ಹಾರಿ ಹೋಗುತ್ತವೆ.

ಆಕ್ಸಿಲರೇಟರ್ ಬಿಟ್ಟಾಗ ಲಿವರ್ ಆಡೋದು ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟ್‌ಗಳು (ಅವು ಕೂರುವ ರಬ್ಬರ್ ಆಸರೆಗಳು) ಸವೆದಿರೋದರ ಲಕ್ಷಣ. ಕ್ಯಾರಿಯರ್‌ನ ಒಂದು ತುದಿ ಗೇರ್‌ಬಾಕ್ಸ್‌ಗೆ ಕಟ್ಟಿರೋದರಿಂದ ಸ್ವಲ್ಪ ಆಡೋದು ಸಹಜ. ಕಣ್ಣಿಗೆ ಬೀಳುವಷ್ಟು ಆಡಿದರೆ ಗೇರ್‌ಬಾಕ್ಸ್ ಮೌಂಟ್ ಎರಡನ್ನೂ ಈ ಸಲವೇ ಮುಗಿಸಿ, ಹೇಗಿದ್ದರೂ ಬಾಕ್ಸ್ ಹೊತ್ತಿರೋ ಅಡ್ಡಪಟ್ಟಿ, ಅಂದ್ರೆ ಕ್ರಾಸ್ ಮೆಂಬರ್, ಬಿಚ್ಚುತ್ತೀರಿ.

———

ತಳ_ನೋಡು

ಸೈಲೆನ್ಸರ್ ಪೈಪ್ ಇಳಿಸಲೇಬೇಕು. ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಪೈಪ್‌ನ ಮೇಲಿದೆ, ಲಿವರ್‌ನ ಕೆಳತುದಿ ಶೀಲ್ಡ್‌ನ ಮೇಲಿದೆ. ಶೀಲ್ಡ್ ಮಡಚಿ ಕೈ ತೂರಿಸಿ ಮಾಡುವವರಿದ್ದಾರೆ. ಆಮೇಲೆ ಅದು ಹಪ್ಪಳದ ಹಾಗೆ ಸೊಟ್ಟಗಾಗಿ ವರ್ಷವಿಡೀ ಗಲಗಲ ಅನ್ನುತ್ತೆ. ಮೊದಲ ಸಲಕ್ಕೆ ಇಡೀ ಒಂದು ದಿನ ಇಟ್ಟುಕೊಳ್ಳಿ.

ನಿಮ್ಮ ಊರು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ಊರು. ಹಿಂದಿನ ರಾತ್ರಿಯೇ ಪೈಪ್‌ನ ಫ್ಲೇಂಜ್ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ, ಬೆಳಿಗ್ಗೆ ಇನ್ನೊಮ್ಮೆ. ಆ ತಾಮ್ರದ ನಟ್‌ಗಳನ್ನು ಮತ್ತೆ ಹಾಕಬೇಡಿ, ಹೊಸದು ತನ್ನಿ. ಪೈಪ್ ಪೂರ್ತಿ ತಣ್ಣಗಿರಲಿ.

ಕೆಲಸ ಗಾಡಿ ಒಳಗಿಂದ ಶುರು. ನಾಬ್‌ಗೆ ಸ್ಕ್ರೂ ಇಲ್ಲ, ನೇರ ಮೇಲಕ್ಕೆ ಎಳೆದರೆ ಬರುತ್ತೆ. ತಿರುಗಿಸಬೇಡಿ, ಒಳಗೆ ದಿಕ್ಕು ಹಿಡಿಯುವ ಕಚ್ಚು ಇದೆ, ಮುರಿಯುತ್ತೆ. ಬಂದಾಗ ಒಮ್ಮೆಲೇ ಬರುತ್ತೆ, ಮುಖ ಪಕ್ಕಕ್ಕಿಟ್ಟುಕೊಂಡು ಎಳೆಯಿರಿ; ಇದರಿಂದ ತುಟಿ ಒಡೆದುಕೊಂಡವರು ಕಡಿಮೆ ಇಲ್ಲ. ಚರ್ಮದ ಬೂಟ್‌ನ ಚೌಕಟ್ಟನ್ನು ಅಂಚಿನಿಂದ ಎಬ್ಬಿಸಿ, ಕೆಳಗಿನ ಫೋಮ್ ತೆಗೆದು, ಒಳಗಿನ ರಬ್ಬರ್ ಬೂಟ್‌ನ ತುಟಿಯನ್ನು ಸುತ್ತಲೂ ಬಿಡಿಸಿ.

ಗಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜಾಕ್ ಮೇಲೆ ಬಿಟ್ಟು ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಪಕ್ಕದಿಂದ ಬಲವಾಗಿ ತಳ್ಳಿ ನೋಡಿ; ಅಲ್ಲಾಡಿದರೆ ಇಳಿಸಿ ಮತ್ತೆ ಕೂರಿಸಿ. ಪೈಪ್ ಇಳಿಸಲು ಇಬ್ಬರು ಬೇಕು, ಸೆನ್ಸರ್ ತಂತಿಗಳ ಮೇಲೆ ಪೈಪ್‌ನ ಭಾರ ಬೀಳದ ಹಾಗೆ. ಹೀಟ್ ಶೀಲ್ಡ್ 10 ಎಂಎಂ ನಟ್‌ಗಳಲ್ಲಿ ನಿಂತಿರುತ್ತೆ. ತೂತುಗಳು ತುಕ್ಕು ತಿಂದು ದೊಡ್ಡದಾಗಿದ್ದರೆ ಹಾಕುವಾಗ ಅಗಲದ ವಾಷರ್ ಇಟ್ಟು ಬಿಗಿ ಮಾಡಿ. ಅಂಚು ಬ್ಲೇಡ್ ಇದ್ದ ಹಾಗೆ, ಕೈಗವಸು ಹಾಕಿ.

ಈಗ ಲಿವರ್‌ನ ಕೆಳತುದಿ ಕಾಣುತ್ತೆ. ಬಿಚ್ಚುವ ಮುಂಚೆ ಮೂರು ಕಡೆಯಿಂದ ಫೋಟೋ ತೆಗೆಯಿರಿ: ಪಿನ್ ಯಾವ ಕಡೆ ಮುಖ ಮಾಡಿದೆ, ರಾಡ್‌ನ ಬಾಗು ಮೇಲೋ ಕೆಳಗೋ, ಲಿವರ್‌ನ ಬಾಗು ಯಾವ ಕಡೆ. ಜೋಡಿಸುವಾಗ ಮುಕ್ಕಾಲು ಪಾಲು ತಪ್ಪು ಇಲ್ಲೇ ಆಗೋದು. ಕ್ಲಿಪ್ ಅನ್ನು ಸ್ಕ್ರೂಡ್ರೈವರ್‌ನಿಂದ ತಳ್ಳುವಾಗ ಇನ್ನೊಂದು ಅಂಗೈ ಅಡ್ಡ ಹಿಡಿಯಿರಿ. ಕ್ರಮ ಹೀಗಿರುತ್ತೆ: ವಾಷರ್, ರಾಡ್, ವಾಷರ್, ಕ್ಲಿಪ್.

ಗುಂಡಿನ ಕಪ್ ಅನ್ನು ಕೆಳಗಿನಿಂದ ಕಾಲು ಸುತ್ತು ಅಪ್ರದಕ್ಷಿಣೆಯಾಗಿ ತಿರುಗಿಸಬೇಕು. ಇದಕ್ಕೆಂದೇ ಟೂಲ್ ಇದೆ. ಎರಡು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ಎದುರುಬದುರು ಖಾಂಚಿಗೆ ಇಟ್ಟು ತಿರುಗಿಸಿದರೂ ಬರುತ್ತೆ. ಕಪ್ ಹೊಸದು ತಂದಿರೋದರಿಂದ ಹಳೆಯದು ಮುರಿದರೂ ಚಿಂತೆಯಿಲ್ಲ, ಕ್ಯಾರಿಯರ್ ಗೀಚಬಾರದು ಅಷ್ಟೇ. ಸಡಿಲವಾದ ಮೇಲೆ ಲಿವರ್ ಒಳಗಿಂದ ಮೇಲಕ್ಕೆ ಬರುತ್ತೆ.

ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕಿಲ್ಲ, ಹಿಂಭಾಗ ಕೈ ತೂರುವಷ್ಟು ಬಾಗಿದರೆ ಸಾಕು. ಬಾಕ್ಸ್ ಕೆಳಗೆ ಜಾಕ್, ನಡುವೆ ಮರದ ಹಲಗೆ. ಕ್ರಾಸ್ ಮೆಂಬರ್‌ನ 13 ಎಂಎಂ ನಟ್‌ಗಳನ್ನು ಬಿಚ್ಚಿ ನಿಧಾನ ಇಳಿಸಿ. ಬಾಕ್ಸ್ ಕೆಳಗೆ ಹೋದಂತೆ ಎಂಜಿನ್‌ನ ತಲೆ ಹಿಂದಕ್ಕೆ ವಾಲಿ ಫೈರ್‌ವಾಲ್ ಕಡೆ ಹೋಗುತ್ತೆ, ಮುಂದೆ ಫ್ಯಾನ್ ಅದರ ಕವಚಕ್ಕೆ ತಾಗಬಹುದು. ಬಾನೆಟ್ ತೆರೆದಿಟ್ಟು ಕ್ಯಾಬಿನ್ ಫಿಲ್ಟರ್‌ನ ಡಬ್ಬ ಮೊದಲೇ ತೆಗೆದಿಡಿ, ರೇಡಿಯೇಟರ್ ಮುಂದೆ ದಪ್ಪ ರಟ್ಟು ಇಳಿಬಿಡಿ. ಹೀಟರ್ ಹೋಸ್, ತಂತಿ ಎಳೆತಕ್ಕೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಮೇಲೆ ಕ್ಯಾರಿಯರ್‌ನ ಮುಂದಿನ ಪಿನ್ ಸಿಗುತ್ತೆ. ಅದರ ಸ್ಪ್ರಿಂಗ್ ಕ್ಲಿಪ್‌ನ ತುದಿ ಎತ್ತಿ ಪಿನ್ ಪಕ್ಕಕ್ಕೆ ಎಳೆಯಬೇಕು. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗುತ್ತೆ. ಫೋನ್ ಕ್ಯಾಮೆರಾ ತೂರಿಸಿ ನೋಡಿಕೊಂಡರೆ ಅರ್ಧ ಗಂಟೆ ಉಳಿಯುತ್ತೆ. ಸೆಲೆಕ್ಟರ್ ಜಾಯಿಂಟ್‌ನ ಪಿನ್ ಮೇಲೆ ಜಾರುವ ಒಂದು ತೋಳು ಇದೆ, ಅದನ್ನು ಸರಿಸಿ ಪಿನ್ ಪಂಚ್‌ನಿಂದ ಹೊಡೆದು ತೆಗೆಯಿರಿ. ಪಿನ್ ಹೊರಬರಲು ಜಾಗ ಸಿಗದಿದ್ದರೆ ಶಾಫ್ಟನ್ನು ಕೈಯಿಂದ ಬೇರೆ ಗೇರ್‌ಗೆ ಹಾಕಿ ನೋಡಿ. ಸೀಲ್ ಬದಲಿಸೋದಾದರೆ ಈಗಲೇ. ಶಾಫ್ಟ್ ಮೇಲೆ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತೆ, ಚೂಪು ಕಬ್ಬಿಣ ಒಳಗೆ ತೂರಿಸಬೇಡಿ.

ಹಿಂದಿನ ಬುಷ್ ಅನ್ನು ಸೋಪು ನೀರು ಹಚ್ಚಿ ಒತ್ತಿ ಕೂರಿಸಿ. ರಬ್ಬರ್‌ಗೆ ಪೆಟ್ರೋಲಿಯಂ ಗ್ರೀಸ್ ಬೇಡ, ಉಬ್ಬಿಕೊಂಡು ಮೆತ್ತಗಾಗುತ್ತೆ. ವಾಷರ್, ಪಿನ್, ಗುಂಡು ಇವಕ್ಕೆ ತೆಳುವಾಗಿ ಗ್ರೀಸ್. ಕಪ್ ಅನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಬಿಟ್ಟರೆ ಗುಂಡಿನ ಮೇಲೆ ಸಲೀಸಾಗಿ ಕೂರುತ್ತೆ. ಆಮೇಲೆ ಮೇಲಿನಿಂದ ಇಳಿಸಿ, ಕಿವಿಗಳನ್ನು ಕ್ಯಾರಿಯರ್‌ನ ಸೀಳಿಗೆ ಹೊಂದಿಸಿ ಒತ್ತಿ. ಟಕ್ ಅನ್ನಬೇಕು. ಸದ್ದು ಬರಲಿಲ್ಲ ಅಂದ್ರೆ ಕೂತಿಲ್ಲ. ಲಿವರ್ ಹಿಡಿದು ಮೇಲಕ್ಕೆ ಜಗ್ಗಿ ನೋಡದೆ ಮುಂದೆ ಹೋಗಬೇಡಿ. ಅರ್ಧ ಕೂತ ಕಪ್ ಗಾಡಿ ಓಡುವಾಗ ಎದ್ದು ಬಂದರೆ ಲಿವರ್ ಕೈಗೇ ಬರುತ್ತೆ. ಕ್ರಾಸ್ ಮೆಂಬರ್‌ನ ಎಂ8 ನಟ್‌ಗಳಿಗೆ 21 ನ್ಯೂಟನ್ ಮೀಟರ್ ಸಾಕು.

———

ಹುಬ್ಬಳ್ಳಿ_ಪಾನಾ

ರಬ್ಬರೋ ಪಾಲಿನೋ ಅಂತ ಕೇಳೀರಿ, ಅದಕ್ಕ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕ್ಯಾರಿಯರ್ ಬುಷ್ ಗಟ್ಟಿ ಆದಷ್ಟು ಗೇರ್ ಚೊಲೋ ಬೀಳತದ ಅನ್ನೋದು ಅರ್ಧ ಖರೆ. ಮುಂದಿನ ತುದಿ ಗೇರ್‌ಬಾಕ್ಸ್ ಜೋಡಿ ಕುಣಿತದ, ಹಿಂದಿನ ತುದಿ ಬಾಡಿಗೆ ಕೂತದ. ಎರಡೂ ಕಡೆ ಗಟ್ಟಿ ಮಾಡಿದ್ರ ಆ ಕುಣಿತ ಎಲ್ಲಿ ಹೋಗಬೇಕ್ರಿ? ಗಾಡಿ ಒಳಗ ಗುಂಯ್ ಅಂತದ, ಲಿವರ್ ಝುಮ್ ಅಂತದ. ಮುಂದಿನ ಎರಡು ಬುಷ್ ಗಟ್ಟಿ ಹಾಕ್ರಿ, ಪಾಲಿಯುರೆಥೇನ್ ಅಥವಾ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ನಡೀತದ, ಯಾಕಂದ್ರ ಅಲ್ಲಿ ಕ್ಯಾರಿಯರೂ ಬಾಕ್ಸೂ ಒಂದ ಜೀವ ಆಗಿ ಕುಣದ್ರ ಛಲೋನ. ಹಿಂದಿಂದು ಕಂಪನಿ ರಬ್ಬರ್ ಇರಲಿ. ದಿನಾ ಓಡ್ಸೋ ಗಾಡಿಗೆ ಇದಕ್ಕಿಂತ ಬೇರೆ ಬ್ಯಾಡ.

ಲೇತ್‌ನ್ಯಾಗ ಹಿತ್ತಾಳಿ ಬುಷ್ ಮಾಡಿಸಿ ರಾಡ್ ತುದಿಗೆ ಹಾಕ್ರಿ ಅಂತ ಭಾಳ ಮಂದಿ ಹೇಳ್ತಾರ. ಹಾಕ್ಬಹುದು, ಆದ್ರ ಪಿನ್‌ಗೂ ಬುಷ್‌ಗೂ ನಡು 0.1 ಎಂಎಂ ಸಂದು ಇರಬೇಕು. ಇನ್ನೂ ಬಿಗಿ ಮಾಡಿದ್ರ ಚಳಿಯಾಗ ಹಿಡಕೊಂತದ, ಗೇರ್ ಹಾಕಿದ ಮ್ಯಾಲೆ ಲಿವರ್ ನಡುಕ ಬರೂದ ಇಲ್ಲ. ನೈಲಾನ್ ರಾಡ್‌ನ್ಯಾಗ ಮಾಡಿಸೋರು ಒಂದು ನೆನಪಿಡ್ರಿ: ನೈಲಾನ್ ನೀರು ಕುಡಿದು ಉಬ್ಬತದ. ಡೆಲ್ರಿನ್ ಅಷ್ಟು ಕುಡಿಯಂಗಿಲ್ಲ, ಅದ ತಗೋರಿ. ಪಾಲಿಗೆ ಸಿಲಿಕೋನ್ ಗ್ರೀಸ್ ಹಚ್ರಿ, ಒಣಾ ಹಾಕಿದ್ರ ಕಿಂಯ್ ಕಿಂಯ್ ಅಂತದ.

———

ಮಿಶಿಗನ್_ಮ್ಯಾನುಯಲ್

ಎಲ್ಲ ಬರೆದಿಟ್ಟುಕೊಂಡೆ. ಎರಡು ಅನುಮಾನ. ಶಾರ್ಟ್ ಶಿಫ್ಟರ್ ಹಾಕಿದರೆ ಸಿಂಕ್ರೋ ಬೇಗ ಸವೆಯುತ್ತೆ ಅಂತಾರೆ, ನಿಜವಾ? ಗೇರ್ ಆಯಿಲ್ ಕೂಡ ಬದಲಿಸಬೇಕಾ?

———

ನಟ್ಟುಬೋಲ್ಟು

ಸವೆಸೋದು ಲಿವರ್ ಅಲ್ಲ, ಅವಸರ. ಸಿಂಕ್ರೋ ಅನ್ನೋದು ಒಂದು ಪುಟ್ಟ ಕ್ಲಚ್. ಎರಡು ಭಾಗಗಳ ವೇಗವನ್ನು ಉಜ್ಜಿ ಉಜ್ಜಿ ಸಮ ಮಾಡೋಕೆ ಅದಕ್ಕೆ ಬೇಕಾದ ಹೊತ್ತು ಬೇಕೇ ಬೇಕು. ಲಿವರ್ ದೂರ ಕಡಿಮೆ ಆದಾಗ ಕೈ ಬೇಗ ತಲುಪುತ್ತೆ, ಅಲ್ಲಿ ತಡೆ ಸಿಕ್ಕಾಗ ಜನ ಇನ್ನೂ ಜೋರಾಗಿ ಒತ್ತುತ್ತಾರೆ. ತಡೆ ಸಿಕ್ಕ ಜಾಗದಲ್ಲಿ ಒತ್ತಡ ಒಂದೇ ಸಮ ಇಟ್ಟು ಕಾಯಿರಿ, ಅದಾಗೇ ಜಾರುತ್ತೆ. ಈಗಾಗಲೇ 2ನೇ ಗೇರ್ ಕಿರುಗುಟ್ಟುವ ಬಾಕ್ಸ್‌ಗೆ ಶಾರ್ಟ್ ಶಿಫ್ಟರ್ ಹಾಕಬಾರದು. ನಿಮ್ಮದು ಚಳಿಯಲ್ಲಿ ಬಿಗಿ ಮಾತ್ರ, ಸದ್ದಿಲ್ಲ ಅಂದಿದ್ದೀರಿ. ಅದು ಗಟ್ಟಿಯಾದ ಆಯಿಲ್. ಹೊಸ ಲಿವರ್‌ನಲ್ಲಿ ಆ ಬಿಗಿತ 20% ಹೆಚ್ಚೇ ಅನ್ನಿಸುತ್ತೆ, ಗಾಬರಿ ಬೇಡ.

ಆಯಿಲ್ ಬದಲಿಸಿ. 'ಲೈಫ್‌ಟೈಮ್' ಅಂತ ಬರೆದಿರೋದನ್ನು ನಂಬಿ ಕೂತರೆ ಬಾಕ್ಸ್‌ನ ಆಯಸ್ಸೇ ಆ ಲೈಫ್‌ಟೈಮ್ ಆಗುತ್ತೆ. ಬಾಕ್ಸ್ ಮೇಲಿನ ಸ್ಟಿಕ್ಕರ್ ಓದಿ, ಒಂದೇ ಮಾಡೆಲ್‌ನಲ್ಲೂ ಬೇರೆ ಬೇರೆ ಆಯಿಲ್ ಹಾಕಿದ್ದಾರೆ, ಅದಕ್ಕೆ ಸಮನಾದದ್ದನ್ನೇ ಹಾಕಿ. ಜಿಎಲ್-5 ಹೈಪಾಯ್ಡ್ ಆಯಿಲ್ (ಡಿಫರೆನ್ಷಿಯಲ್‌ಗೆ ಹಾಕುವಂಥದ್ದು) ಹಾಕಬೇಡಿ: ಅದರ ಸೇರ್ಪಡೆಗಳಿಂದ ಜಾರಿಕೆ ಹೆಚ್ಚಾಗಿ ಸಿಂಕ್ರೋ ಸರಿಯಾಗಿ ಹಿಡಿಯಲ್ಲ, ಹಿತ್ತಾಳೆಗೂ ಒಳ್ಳೇದಲ್ಲ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಅದು ಬಿಚ್ಚಿಕೊಂಡ ಮೇಲೆ ಮಾತ್ರ ಕೆಳಗಿನದು. ಎರಡಕ್ಕೂ 17 ಎಂಎಂ ಅಲೆನ್ ಕೀ. ಕೆಳಗಿನದು ಬಿಚ್ಚಿ ಆಯಿಲ್ ಸುರಿದುಹೋದ ಮೇಲೆ ಮೇಲಿನದು ಬರಲ್ಲ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತೆ. ಬಾಕ್ಸ್ ಮತ್ತೆ ಮೇಲೆತ್ತಿ, ಗಾಡಿ ಮಟ್ಟವಾಗಿ ನಿಂತ ಮೇಲೆ, ತುಂಬುವ ತೂತಿನಿಂದ ಹೊರ ಜಿನುಗುವವರೆಗೆ ತುಂಬಿ.

ಇನ್ನೊಂದು. ಗೇರ್ ಬದಲಿಸಿದಾಗ ಗಾಡಿ ಜರ್ಕ್ ಹೊಡೆಯೋದನ್ನೂ ಜನ ಲಿವರ್ ತಲೆಗೆ ಕಟ್ಟುತ್ತಾರೆ. ಇ46ನಲ್ಲಿ ಕ್ಲಚ್ ಪೈಪ್‌ನ ದಾರಿಯಲ್ಲಿ ಒಂದು ತಡೆ ವಾಲ್ವ್ ಇದೆ, ಪೆಡಲ್ ಎಷ್ಟೇ ಬೇಗ ಬಿಟ್ಟರೂ ಕ್ಲಚ್ ನಿಧಾನಕ್ಕೇ ಹಿಡಿಯೋ ಹಾಗೆ ಮಾಡುತ್ತೆ. ಅದು ಬೇರೆಯೇ ಕೆಲಸ. ಶಿಫ್ಟರ್ ಹಾಕಿದ ಮೇಲೂ ಜರ್ಕ್ ಹೋಗಲಿಲ್ಲ ಅಂತ ಇಲ್ಲಿ ಬಂದು ಬೈಯಬೇಡಿ.

———

ಪೋಲೋ_ಪುಟ್ಟ

ನಡುವೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ಬೆಂಗಳೂರಲ್ಲಿ ಪೋಲೋ 1.2 ಪೆಟ್ರೋಲ್. ಇದೇ ಬುಷ್, ಇದೇ ಕೆಲಸ ನಂದಕ್ಕೂ ಆಗುತ್ತಾ? ಜೆ.ಸಿ. ರೋಡಲ್ಲಿ ಯಾವುದೋ ಕಿಟ್ ತೋರಿಸಿದ್ರು.

———

ತಳ_ನೋಡು

ಇಲ್ಲ ಪುಟ್ಟ, ನಿಮ್ಮದರಲ್ಲಿ ರಾಡೇ ಇಲ್ಲ. ಎಂಜಿನ್ ಅಡ್ಡಡ್ಡ ಕೂತಿರೋ ಮುಂದಿನ ಚಕ್ರದ ಗಾಡಿ, ಲಿವರ್‌ನಿಂದ ಬಾಕ್ಸ್‌ಗೆ ಎರಡು ಕೇಬಲ್ ಹೋಗುತ್ತೆ: ಒಂದು ಹಿಂದೆ-ಮುಂದಕ್ಕೆ, ಒಂದು ಎಡಬಲಕ್ಕೆ. ಇಲ್ಲಿ ದೂರ ಕಡಿಮೆ ಮಾಡೋದು ಬಾಕ್ಸ್ ಮೇಲಿನ ತೋಳಿನ ಉದ್ದ ಕುಗ್ಗಿಸಿ. ತೋಳು ಗಿಡ್ಡ ಆದರೆ ಕೇಬಲ್ ಕಡಿಮೆ ಸರಿದರೂ ಶಾಫ್ಟ್ ಅಷ್ಟೇ ತಿರುಗುತ್ತೆ. ಬಲದ ಲೆಕ್ಕ ಮಾತ್ರ ಅದೇ. ಆ ತೋಳಿನ ತುದಿಯಲ್ಲಿ ದಪ್ಪ ಭಾರ ಒಂದು ಕಾಣುತ್ತಲ್ಲ, ಅದು ಬೇಕಂತಲೇ ಇಟ್ಟಿರೋದು. ಅದರ ಜಡತ್ವ ಸಿಂಕ್ರೋ ತಡೆಯನ್ನು ಮೆತ್ತಗೆ ದಾಟಿಸುತ್ತೆ. ಭಾರ ಇಲ್ಲದ ಕಿಟ್ ಹಾಕಿದರೆ ಗೇರ್ ಕಟ್ ಕಟ್ ಅಂತ ಕಲ್ಲು ತಾಗಿದ ಹಾಗೆ ಬೀಳುತ್ತೆ.

ಸಡಿಲ ಇದ್ದರೆ ಮೊದಲು ನೋಡಬೇಕಾದ್ದು ಕೇಬಲ್ ತುದಿಯ ಪ್ಲಾಸ್ಟಿಕ್-ರಬ್ಬರ್ ಭಾಗ. ಎಂಜಿನ್ ಬಿಸಿಗೆ ಬಿರುಕು ಬಿಡುತ್ತೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮುರಿದೇ ಹೋಗುತ್ತೆ, ಕ್ಲಿಪ್ ಬಿಡಿಸಿ ನೇರ ಎತ್ತಿ.

ಕೇಬಲ್ ಬಿಚ್ಚಿದ ಮೇಲೆ ಹೊಂದಿಸಲೇಬೇಕು. ಲಿವರ್ ನ್ಯೂಟ್ರಲ್‌ನಲ್ಲಿರಲಿ. ಎರಡೂ ಕೇಬಲ್‌ನ ಸ್ಪ್ರಿಂಗ್ ಲಾಕ್ ಅನ್ನು ಮುಂದಕ್ಕೆ ಎಳೆದು ಎಡಕ್ಕೆ ತಿರುಗಿಸಿ ನಿಲ್ಲಿಸಿ. ಬಾಕ್ಸ್ ಮೇಲಿನ ಶಾಫ್ಟನ್ನು ಕೆಳಗೆ ಒತ್ತಿ, ಪಕ್ಕದ ಎಲ್ ಆಕಾರದ ತೋಳನ್ನು ತಿರುಗಿಸುತ್ತ ಒಳಗೆ ತಳ್ಳಿದರೆ ಶಾಫ್ಟ್ ಅಲ್ಲೇ ಲಾಕ್ ಆಗುತ್ತೆ. ಒಳಗೆ ಲಿವರ್‌ನ ಬುಡದ ತೂತು ಮತ್ತು ಕೆಳಗಿನ ತೂತು ಹೊಂದಿಸಿ ಬಿಗಿಯಾಗಿ ಕೂರುವ ಡ್ರಿಲ್ ಬಿಟ್ ತೂರಿಸಿ. ಈಗ ಸ್ಪ್ರಿಂಗ್ ಲಾಕ್‌ಗಳನ್ನು ಬಲಕ್ಕೆ ತಿರುಗಿಸಿ ಬಿಡಿ, ಕೇಬಲ್ ತನ್ನ ಉದ್ದ ತಾನೇ ಹಿಡಿದುಕೊಳ್ಳುತ್ತೆ. ಎಲ್ ತೋಳು ಹಿಂದಕ್ಕೆ, ಡ್ರಿಲ್ ಬಿಟ್ ಹೊರಗೆ. ಇದನ್ನು ಬಿಟ್ಟು ಕಣ್ಣಳತೆಯಲ್ಲಿ ಜೋಡಿಸಿದರೆ ರಿವರ್ಸೋ 5ನೆಯದೋ ಬರಲ್ಲ. ಅದಕ್ಕೆ 'ಗೇರ್‌ಬಾಕ್ಸ್ ಇಳಿಸಬೇಕು ಸಾರ್' ಅಂತ ಯಾರಾದರೂ ಹೇಳಿದರೆ ಮೊದಲು ಈ ಹೊಂದಾಣಿಕೆ ಮಾಡಿ ನೋಡಿ.

———

ಮಿಶಿಗನ್_ಮ್ಯಾನುಯಲ್

ಕೆಲಸ ಮುಗಿದಿದೆ. ಎಡಬಲದ ಆಟ ಪೂರ್ತಿ ಹೋಗಿದೆ. ಎಲ್ಲ ಗೇರ್ ಬೀಳುತ್ತೆ. ಎರಡು ತೊಂದರೆ: 2 ಮತ್ತು 4ರಲ್ಲಿ ಇರುವಾಗ ನಡುವಿನಿಂದ ಟಿಕ್ ಟಿಕ್ ಸದ್ದು, ಗಾಡಿ ವೇಗ ಹೆಚ್ಚಿದಂತೆ ಸದ್ದೂ ವೇಗ. 1, 3, 5ರಲ್ಲಿ ಇಲ್ಲ. ಇನ್ನೊಂದು, 3ನೇ ಗೇರ್ ಒಂದು ಸಲ ತಾನಾಗಿ ನ್ಯೂಟ್ರಲ್‌ಗೆ ಬಿತ್ತು.

———

ನಟ್ಟುಬೋಲ್ಟು

ಎರಡಕ್ಕೂ ಕಾರಣ ಬೇರೆ ಬೇರೆ. ಎರಡೂ ಸರಿಹೋಗುವವರೆಗೆ ಗಾಡಿ ಓಡಿಸಬೇಡಿ.

ಟಿಕ್ ಟಿಕ್: ರಾಡ್ ಎಲ್ಲೋ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೋ, ಅದರ ಮುಂದಿನ ರಬ್ಬರ್ ಕಪ್ಲಿಂಗ್‌ನ ಬೋಲ್ಟ್ ತಲೆಗೋ ತಾಗ್ತಿದೆ. ಲಿವರ್‌ನ ಕೆಳಭಾಗ ಉದ್ದವಾದಾಗ ರಾಡ್‌ನ ಹಿಂದಿನ ತುದಿ ಅಷ್ಟು ಕೆಳಗೆ ಇಳಿಯುತ್ತೆ. ನಾಬ್ ಹಿಂದಕ್ಕೆ ಬಂದಾಗ, ಅಂದ್ರೆ 2 ಮತ್ತು 4ರಲ್ಲಿ, ರಾಡ್ ಮುಂದಕ್ಕೆ ಸರಿದು ಅದರ ಬಾಗು ಕಪ್ಲಿಂಗ್ ಪಕ್ಕ ಬರುತ್ತೆ. ಗಾಡಿ ಎತ್ತಿ, ರಾಡ್ ಮೇಲೆ ಸುತ್ತಲೂ ಬಿಳಿ ಪೇಂಟ್ ಮಾರ್ಕರ್ ಬಳಿಯಿರಿ. 2ರಲ್ಲಿ ಇಟ್ಟು, ಕ್ಲಚ್ ಒತ್ತಿ ಹಿಡಿಸಿ, ಶಾಫ್ಟನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲಿ ಪೇಂಟ್ ಕೆತ್ತಿತೋ ಅಲ್ಲೇ ತಾಗುತ್ತಿರೋದು. ಮೊದಲು ನೋಡಬೇಕಾದ್ದು ರಾಡ್ ತಿರುವುಮುರುವಾಗಿ ಕೂತಿದೆಯಾ ಅಂತ. ತೆಗೆದ ಫೋಟೋ ಈಗ ಕೆಲಸಕ್ಕೆ ಬರುತ್ತೆ. ರಾಡ್ ಸರಿಯಿದ್ದರೆ ಗೇರ್‌ಬಾಕ್ಸ್ ಮೌಂಟ್ ಕುಸಿದಿದೆಯಾ ನೋಡಿ. ಎರಡೂ ಸರಿಯಿದ್ದೂ ತಾಗಿದರೆ ಆ ಲಿವರ್‌ನ ಕೆಳಭಾಗವೇ ಈ ಗಾಡಿಗೆ ಅತಿ ಉದ್ದ, ವಾಪಸ್ ಕೊಡಿ. ಬಿಎಂಡಬ್ಲ್ಯೂದೇ ಆದ ಝಡ್4 ಅಥವಾ ಇ60 545ಐ ಗಾಡಿಯ ಕಂಪನಿ ಲಿವರನ್ನು ಇ46ಗೆ ಹಾಕುವವರು ಬಹಳ. ರಾಡನ್ನು ಬಿಸಿ ಮಾಡಿ ಬಗ್ಗಿಸಬೇಡಿ, ಬೋಲ್ಟ್ ತಲೆಯನ್ನು ಗ್ರೈಂಡರ್‌ಗೆ ಕೊಡೋದಂತೂ ಬೇಡವೇ ಬೇಡ.

3ನೇ ಗೇರ್ ಜಾರೋದು ಗೇರ್ ಪೂರ್ತಿ ಒಳಗೆ ಹೋಗದೆ ಇರೋದರಿಂದ. ಬಾಕ್ಸ್‌ನ ಒಳಗಿನ ತಡೆಗಿಂತ ಮೊದಲೇ ಲಿವರ್ ಹೊರಗೆ ಏನಕ್ಕೋ ತಾಗಿ ನಿಲ್ಲುತ್ತಿದೆ, ಇಲ್ಲವೇ ಯಾವುದೋ ಅದನ್ನು ಹಿಂದಕ್ಕೆ ಎಳೆಯುತ್ತಿದೆ. ಅರ್ಧ ಹಿಡಿದ ಹಲ್ಲುಗಳ ಮೇಲೆ ಭಾರ ಬಿದ್ದರೆ ಅವುಗಳ ಮೂಲೆ ದುಂಡಗಾಗುತ್ತೆ, ಆಮೇಲೆ ಆ ಗೇರ್ ಯಾವ ಲಿವರ್ ಹಾಕಿದರೂ ನಿಲ್ಲಲ್ಲ. ಚರ್ಮದ ಬೂಟ್, ಫೋಮ್, ರಬ್ಬರ್ ಬೂಟ್ ಮೂರನ್ನೂ ತೆಗೆದಿಟ್ಟು ಎಂಜಿನ್ ಆಫ್ ಮಾಡಿ 3ಕ್ಕೆ ಹಾಕಿ. ಮುಂದಕ್ಕೆ ಇನ್ನೂ ಒಂದಿಷ್ಟು ಹೋದರೆ ಕಳ್ಳ ಸಿಕ್ಕ ಹಾಗೇ.

———

ತಳ_ನೋಡು

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಹೊಸ ರಬ್ಬರ್ ಬೂಟ್‌ನ ಒಳತುಟಿ ಲಿವರ್‌ನ ಖಾಂಚಿಯಲ್ಲಿ ಕೂರದೆ ಮೇಲೆ ಸಿಕ್ಕಿಹಾಕಿಕೊಂಡಿದ್ದರೆ ಅದು ಸ್ಪ್ರಿಂಗ್‌ನ ಹಾಗೆ ಲಿವರನ್ನು ನಡುವಿಗೆ ತಳ್ಳುತ್ತಲೇ ಇರುತ್ತೆ, ಚಳಿಯಲ್ಲಿ ಇನ್ನೂ ಜೋರು. ಶಾರ್ಟ್ ಶಿಫ್ಟರ್‌ಗಳಲ್ಲಿ ಗುಂಡಿನ ಮೇಲಿನ ಭಾಗ ಹಳೇದಕ್ಕಿಂತ ದಪ್ಪ ಇದ್ದರೂ ಹೀಗಾಗುತ್ತೆ. ತುಟಿಗೆ ಸಿಲಿಕೋನ್ ಗ್ರೀಸ್ ಹಚ್ಚಿ ಬೆರಳಿನಿಂದ ಸುತ್ತಲೂ ಒಳಗೆ ಕೂರಿಸಿ. ಹಾಗೆಂದು ಬೂಟ್ ಬಿಟ್ಟೇ ಓಡಿಸಬೇಡಿ, ಕೆಳಗಿನಿಂದ ಸೈಲೆನ್ಸರ್ ಹೊಗೆ ಮತ್ತು ನೀರು ನೇರ ಒಳಗೆ ಬರುತ್ತೆ.

———

ಮಿಶಿಗನ್_ಮ್ಯಾನುಯಲ್

ರಾಡ್ ತಿರುವುಮುರುವಾಗಿಯೇ ಕೂತಿತ್ತು. ತಿರುಗಿಸಿ ಹಾಕಿದ ಮೇಲೆ ಕಪ್ಲಿಂಗ್‌ನಿಂದ ಬೆರಳು ತೂರುವಷ್ಟು ಜಾಗ ಇದೆ. ಬೂಟ್‌ನ ತುಟಿಯೂ ಮೇಲೇ ಸಿಕ್ಕಿತ್ತು. ಹೀಟ್ ಶೀಲ್ಡ್ ಇನ್ನೂ ಕೆಳಗೇ ಇದೆ. ಎಲ್ಲ ಗೇರ್‌ನಲ್ಲೂ ಇನ್ನೊಮ್ಮೆ ಪೇಂಟ್ ಬಳಿದು ನೋಡಿಯೇ ಮುಚ್ಚುತ್ತೇನೆ.